ಮೂವತ್ತೆರಡರಲ್ಲಿ ಒಂದು

ಮಾರ್ಚ್ ೪

ಅಪ್ಪಾ,

ಪತ್ರ ನೋಡಿ ಗಾಬರಿ ಬೀಳಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಿರುವುದು ನೀನು ಜೋಡಿಸಿಕೊಟ್ಟ ಕಂಪ್ಯೂಟರು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಮತ್ತೆ?", "ಮತ್ತೇನಿಲ್ಲ" ದಾಟಿ ಮುಂದೆ ಹೋದದ್ದು ಯಾವಾಗ, ನೀನೇ ಹೇಳು. ಅದೂ ಅಲ್ಲದೆ ರಿಪೇರಿಯ ಸೂಚನೆ ಯಾವತ್ತೂ ಕಾಗದದ ಮೇಲಿರಬೇಕು ಅನ್ನುತ್ತಿದ್ದವನು ನೀನು. "ಪರದೆ ಕಪ್ಪಾದ್ಮೇಲೆ ಪರದೆ ಒಳಗಿರೋದನ್ನ ಯಾರ್ರೀ ಓದ್ತಾರೆ?" ಎಂದು ಗಿರಾಕಿಗಳನ್ನು ರೇಗಿಸುತ್ತಿದ್ದದ್ದು ನನಗಿನ್ನೂ ಕಿವಿಯಲ್ಲಿದೆ.

ನಿನ್ನ ಅಂಗಡಿಯ ಚೀಟಿಯಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆಯುತ್ತೇನೆ. ಯಂತ್ರ: ಒಂಬತ್ತು ವರ್ಷ ಹಳೆಯದು, ನಾನು ಕಾಲೇಜಿಗೆ ಹೊರಟಾಗ ಕೊಟ್ಟದ್ದು. ದೂರು: ಆನ್ ಆಗುತ್ತದೆ, ಹತ್ತು ನಿಮಿಷ ನೆಟ್ಟಗಿರುತ್ತದೆ, ಆಮೇಲೆ ಬಾಣದ ಗುರುತು ನಿಂತಲ್ಲೇ ನಿಂತುಬಿಡುತ್ತದೆ. ಸ್ವಿಚ್ ಕಿತ್ತು ಹಾಕಿದರೆ ಮತ್ತೆ ಹತ್ತು ನಿಮಿಷ. ಹೀಗೆ ದಿನಕ್ಕೆ ಮೂವತ್ತು ಸಲ.

ಬಿಸಾಡಿ ಹೊಸದು ತರೋಣ ಅಂದರೆ ನಮ್ಮ ಮುದ್ರಣಾಲಯದ ಬ್ರೈಲ್ ಪ್ರಿಂಟರ್ ಪುರಾತನ ಕಾಲದ್ದು, ಹೊಸ ಕಂಪ್ಯೂಟರಿಗೆ ಕ್ಯಾರೇ ಅನ್ನುವುದಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಇದನ್ನು ಅಟ್ಟದಿಂದ ಇಳಿಸಿ ಕೆಲಸಕ್ಕೆ ಹಚ್ಚಿದ್ದೆ. ಈಗ ಏಳನೇ ತರಗತಿಯ ವಿಜ್ಞಾನದ ಪುಸ್ತಕ ಇದರೊಳಗೆ ಸಿಕ್ಕಿಕೊಂಡಿದೆ. ಜುಲೈ ಮುಗಿಯುವಷ್ಟರಲ್ಲಿ ಇಪ್ಪತ್ತಾರು ಮಕ್ಕಳ ಬೆರಳಿಗೆ ಅದು ಸಿಗಬೇಕು. ಹದಿನಾಲ್ಕು ಅಧ್ಯಾಯದಲ್ಲಿ ಹನ್ನೊಂದು ಮುಗಿದಿದೆ, ಹನ್ನೆರಡನೆಯದರಲ್ಲಿ ಹೃದಯದ ಚಿತ್ರವನ್ನು ಚುಕ್ಕಿಗಳಲ್ಲಿ ಕೂರಿಸುತ್ತಿದ್ದಾಗ ಯಂತ್ರ ಕೈಕೊಟ್ಟಿತು.

ಹಿಂದೆ ನಾನು ಬಾಯಿ ಬಿಡುವ ಮೊದಲೇ ನನ್ನ ಮನಸ್ಸಿನಲ್ಲಿರುವುದು ನಿನಗೆ ಗೊತ್ತಾಗಿಬಿಡುತ್ತಿತ್ತು. ಈ ಡಬ್ಬದ ಮನಸ್ಸಿನಲ್ಲಿ ಏನಿದೆ, ಅದನ್ನೂ ಹೇಳು ನೋಡೋಣ.

ಉತ್ತರ ಬೇಗ ಬರೆ. ಬಿ.ಪಿ. ಮಾತ್ರೆ ಮರೆಯಬೇಡ.

ಇಂತಿ,
ಮಗಳು

*

ಮಾರ್ಚ್ ೧೦

ಪುಟ್ಟೀ,

ಪತ್ರ ಸಿಕ್ಕಿತು. ಸಂತೋಷ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಹಳೆಯ ಯಂತ್ರ, ಅದರ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳಬೇಡ. ಸಿಗುವ ಹತ್ತು ನಿಮಿಷದಲ್ಲಿ ನಿನ್ನ ಪುಸ್ತಕವನ್ನಷ್ಟೇ ಪೆನ್ ಡ್ರೈವ್‌ಗೆ ಹಾಕಿಕೊಂಡು, ಉಳಿದದ್ದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿಬಿಡು. ಎರಡು ಗಂಟೆಯ ಕೆಲಸ. ಒಳಗೆ ಏನೇನು ಓಡುತ್ತಿದೆ ಅಂತ ಒಂದೊಂದನ್ನೇ ಕೆದಕುತ್ತಾ ಕೂರುವುದು ಬೇಡ, ಅಷ್ಟು ಪುರುಸೊತ್ತು ನಿನಗಿಲ್ಲ. ಅದೂ ಆಗದಿದ್ದರೆ ಚೆನ್ನಾಗಿ ಪ್ಯಾಕ್ ಮಾಡಿ ಪಾರ್ಸೆಲ್ ಹಾಕು, ನಾನೇ ನೋಡಿ ಕಳಿಸುತ್ತೇನೆ.

ಇಲ್ಲಿ ಎಲ್ಲಾ ಎಂದಿನ ಹಾಗೆ. ಅಂಗಡಿಗೆ ಬರುವವರು ಕಡಿಮೆ. ಈಗ ಯಾರಿಗೆ ರಿಪೇರಿ ಬೇಕು.

ನಿನ್ನ
ಅಪ್ಪ

*

ಮಾರ್ಚ್ ೧೦
(ಅಂಚೆಗೆ ಹಾಕಲಿಲ್ಲ)

ಪುಟ್ಟೀ,

ಈಗಷ್ಟೇ ನಿನಗೊಂದು ಪತ್ರ ಬರೆದು ಡಬ್ಬಿಗೆ ಹಾಕಿ ಬಂದೆ. ಅದರಲ್ಲಿರುವುದು ಒಬ್ಬ ಹೇಡಿಯ ಮಾತು. ನಿಜ ಏನು ಅಂತ ಒಂದು ಸಲವಾದರೂ ಬರೆದು ನೋಡುತ್ತೇನೆ. ಕಳಿಸುವ ಧೈರ್ಯ ಬಂದರೆ ಬಂತು.

ಅಂಗಡಿಯ ಗೋಡೆಯ ಮೇಲೆ ನೀನು ಹನ್ನೆರಡು ವರ್ಷದವಳಾಗಿದ್ದಾಗ ದುಂಡಗೆ ಬರೆದುಕೊಟ್ಟ ಹಲಗೆ ಇನ್ನೂ ಇದೆ. 'ಇಲ್ಲಿ ಗಿರಾಕಿಗಳ ಫೈಲ್ ತೆರೆಯುವುದಿಲ್ಲ.' ಇಪ್ಪತ್ತೆಂಟು ವರ್ಷದಲ್ಲಿ ಸಾವಿರಾರು ಯಂತ್ರಗಳು ಈ ಮೇಜಿನ ಮೇಲೆ ಬಂದು ಹೋದವು. ಯಾರದೂ ಒಂದು ಫೋಟೋ ಕೂಡ ತೆರೆದು ನೋಡಿದವನಲ್ಲ ನಾನು. ಒಂದೇ ಒಂದು ಯಂತ್ರದ ಮಟ್ಟಿಗೆ ಆ ಹಲಗೆಯನ್ನು ಸುಳ್ಳು ಮಾಡಿದೆ. ನಿನ್ನದು.

ನಿನ್ನಮ್ಮ ಹೋದ ಮೇಲೆ ನಾಲ್ಕು ವರ್ಷ ನಾವಿಬ್ಬರೇ ಇದ್ದೆವು. ನೀನು ಹಾಸ್ಟೆಲಿಗೆ ಹೊರಟಾಗ ನನ್ನ ಎದೆ ಹಾರಿಹೋಗಿತ್ತು. ನಿನಗೆ ಕೊಡುವ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೂರಿಸಿದೆ. ನೀನು ಕೀಲಿಮಣೆಯಲ್ಲಿ ಒತ್ತಿದ ಅಕ್ಷರವೆಲ್ಲ ಅದು ಬರೆದಿಟ್ಟುಕೊಂಡು ಸಂಜೆ ಏಳಕ್ಕೆ ಅಂಗಡಿಯ ಯಂತ್ರಕ್ಕೆ ಕಳಿಸುತ್ತಿತ್ತು. ಹುಷಾರಾಗಿದ್ದಾಳಾ, ಊಟ ತಿಂಡಿ ಸರಿಯಾಗಿ ಮಾಡುತ್ತಿದ್ದಾಳಾ, ಅಷ್ಟು ಗೊತ್ತಾದರೆ ಸಾಕು ಅಂದುಕೊಂಡೆ. ಒಂದು ವಾರ ಹಾಗೇ ಇತ್ತು. ಆಮೇಲೆ ರುಚಿ ಹತ್ತಿತು. ನಿನ್ನ ದಿನಚರಿ ಓದುತ್ತಿದ್ದೆ, ಪುಟ್ಟೀ. ಕಂಪ್ಯೂಟರಿನಲ್ಲಿ ಬರೆದರೆ ಯಾರ ಕೈಗೂ ಸಿಗುವುದಿಲ್ಲ ಅಂತ ನೀನು ಬರೆಯುತ್ತಿದ್ದದ್ದನ್ನು.

ಎರಡನೇ ವರ್ಷದಲ್ಲಿ ನೀನು ಬರೆದೆ: ಫಾರ್ಮಸಿ ಓದು ಬಿಟ್ಟು ಗುಬ್ಬಿಯ ಜೊತೆ ಬ್ರೈಲ್ ಮುದ್ರಣಾಲಯಕ್ಕೆ ಸೇರುತ್ತೇನೆ, ಅಪ್ಪನಿಗೆ ಎಲ್ಲಾ ಆದ ಮೇಲೆ ಹೇಳುತ್ತೇನೆ. ಗುಬ್ಬಿ, ನಿನ್ನ ಕೋಣೆಯ ಜೊತೆಗಾತಿ, ಹುಟ್ಟಿನಿಂದ ಕಣ್ಣು ಕಾಣದವಳು, ನಿನಗೆ ಆ ಚುಕ್ಕಿ ಲಿಪಿ ಕಲಿಸಿದವಳು. ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತೆ. ನೀನು ಓದು ಬಿಡುವ ಅರ್ಜಿ ಹಿಡಿದುಕೊಂಡು ಬಂದಾಗ ನಾನು ಗೇಟಿನಲ್ಲಿ ನಿಂತಿದ್ದೆ. ಅರ್ಜಿಯನ್ನು ನೀನು ಬೆನ್ನ ಹಿಂದೆ ಮಾಡಿಕೊಂಡೆ. "ಗುಬ್ಬಿ ಹೇಳಿದ್ಲಾ ನಿಂಗೆ? ಅವಳೊಬ್ಬಳಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ" ಅಂದೆ. ನಾನು ಏನಂದೆ? "ಯಾರು ಹೇಳಿದ್ರೆ ಏನೀಗ, ನಡಿ ಒಳಗೆ" ಅಂದೆ.

'ಇಲ್ಲ' ಎಂಬ ಎರಡಕ್ಷರ ನನ್ನ ಬಾಯಿಗೆ ಬರಲಿಲ್ಲ. ಅವತ್ತೇ ನೀನು ಗುಬ್ಬಿಯ ಜೊತೆ ಜಗಳವಾಡಿ ಕೋಣೆ ಬದಲಾಯಿಸಿದೆ. ಆಮೇಲೆ ನನಗೆ ಓದಲಾಗಲಿಲ್ಲ. ಪತ್ರ ಬಂದು ಬೀಳುತ್ತಿದ್ದ ಆ ವಿಳಾಸವನ್ನು ಮುಚ್ಚಿಬಿಟ್ಟೆ. ಆದರೆ ನಿನ್ನ ಯಂತ್ರದಿಂದ ಆ ಪ್ರೋಗ್ರಾಮನ್ನು ಕಿತ್ತುಹಾಕಬೇಕೆಂದರೆ ನಿನ್ನನ್ನೇ ಕೇಳಬೇಕಿತ್ತು. ಕೇಳಲಿಲ್ಲ. ಅದು ಈಗಲೂ ಅಲ್ಲೇ ಇದೆ. ಇಷ್ಟು ವರ್ಷ ಕಳಿಸಲಾಗದೆ ಉಳಿದದ್ದನ್ನೆಲ್ಲ ಗಂಟು ಕಟ್ಟಿ ಹೊತ್ತುಕೊಂಡು, ಈಗ ಯಂತ್ರ ಎದ್ದ ಪ್ರತಿ ಸಲವೂ ಇಲ್ಲದ ವಿಳಾಸಕ್ಕೆ ಹೊರಡುತ್ತಿದೆ. ನಿನ್ನ ಯಂತ್ರ ನಿಂತುಹೋಗುತ್ತಿರುವುದು ಅದರಿಂದಲೇ. ನಿನ್ನ ಪತ್ರದಲ್ಲಿ ದೂರು ಓದುತ್ತಿದ್ದ ಹಾಗೆಯೇ ನನಗೆ ಗೊತ್ತಾಯಿತು.

ಫಾರ್ಮ್ಯಾಟ್ ಮಾಡಿದರೆ ಅದೂ ಅಳಿಸಿಹೋಗುತ್ತದೆ. ನಿನಗೆ ಯಾವತ್ತೂ ತಿಳಿಯುವುದಿಲ್ಲ. ತಿಳಿದರೆ ಈ 'ಊಟ ಆಯ್ತಾ' ಅನ್ನುವ ಫೋನೂ ಇನ್ನು ಬರುವುದಿಲ್ಲ. ನನಗೆ ಇರುವುದು ಅದೊಂದೇ.

ಅಪ್ಪ

*

ಮಾರ್ಚ್ ೧೯

ಅಪ್ಪಾ,

ಆ ಪತ್ರ ನೀನೇ ಬರೆದದ್ದಾ, ಇಲ್ಲಾ ಪಕ್ಕದ ಅಂಗಡಿಯವನ ಕೈಲಿ ಬರೆಸಿದೆಯಾ? ಫಾರ್ಮ್ಯಾಟ್! "ನೆಗಡಿ ಆಯ್ತು ಅಂತ ತಲೆ ಕತ್ತರಿಸೋ ಡಾಕ್ಟ್ರು" ಎಂದು ಫಾರ್ಮ್ಯಾಟ್ ಮಾಡುವವರನ್ನು ಬೈಯುತ್ತಿದ್ದವನು ನೀನು. ವಯಸ್ಸಾಯಿತು ಬಿಡು ನಿನಗೆ.

ಹಾಗೆ ಮಾಡಲು ಬರುವುದೂ ಇಲ್ಲ. ಬ್ರೈಲ್ ತಂತ್ರಾಂಶದ ಮೂಲ ಸಿ.ಡಿ. ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ, ಅದನ್ನು ಮಾಡಿದ ಕಂಪನಿಯೇ ಮುಚ್ಚಿದೆ. ಅಳಿಸಿದರೆ ಮತ್ತೆ ಹಾಕಲು ಸಾಧ್ಯವಿಲ್ಲ. ಪಾರ್ಸೆಲ್ ಹಾಕಿದರೆ ಹೋಗಿ ಬರಲು ಇಪ್ಪತ್ತು ದಿನ. ಅದಕ್ಕೇ ನೀನು ಕಲಿಸಿದ ಹಾದಿಯನ್ನೇ ಹಿಡಿದಿದ್ದೇನೆ. ಮೊದಲು ಬೇಕೇಬೇಕಾದವಷ್ಟೇ ಏಳುವ ಸೇಫ್ ಮೋಡ್‌ನಲ್ಲಿ ಎಬ್ಬಿಸಿದೆ. ಬಣ್ಣವಿಲ್ಲ, ಸದ್ದಿಲ್ಲ, ಅಕ್ಷರಗಳೆಲ್ಲ ದೊಡ್ಡದಾಗಿ ವಿಕಾರವಾಗಿ ಕಾಣುತ್ತವೆ. ಆದರೆ ಮೂರು ಗಂಟೆ ಮಿಸುಕಾಡಲಿಲ್ಲ. ಅಂದರೆ ಯಂತ್ರಕ್ಕೆ ರೋಗವಿಲ್ಲ, ಆನ್ ಮಾಡಿದಾಗ ಅದರ ಜೊತೆ ಏಳುವ ಪ್ರೋಗ್ರಾಂಗಳಲ್ಲಿ ಯಾರೋ ಒಬ್ಬರದು ಕಿತಾಪತಿ.

ಈಗ ಏಳುವವರ ಪಟ್ಟಿ ತೆಗೆದಿದ್ದೇನೆ. ಯಂತ್ರಕ್ಕೆ ಬೇಕೇಬೇಕಾದವನ್ನು ಬಿಟ್ಟು, ಆಮೇಲೆ ನಾವು ಸೇರಿಸಿದ್ದು ಮೂವತ್ತೆರಡು. ಅರ್ಧ ಮಲಗಿಸು, ಅರ್ಧ ಎಬ್ಬಿಸು. ನಿಂತುಹೋದರೆ ಕಳ್ಳ ಎದ್ದಿರುವ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಮಲಗಿದ ಅರ್ಧದಲ್ಲಿ. ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಐದೇ ಸಲ ರೀಸ್ಟಾರ್ಟ್. ಹತ್ತು ವರ್ಷದವಳಿದ್ದಾಗ ನಿನ್ನ ಮೇಜಿನ ಮೇಲೆ ಕಾಲು ಅಲ್ಲಾಡಿಸುತ್ತ ಇದನ್ನು ಕಲಿತದ್ದು. ಮಾರ್ಚ್ ಕೊನೆಯವರೆಗೆ ಪಕ್ಕದ ಯಂತ್ರದಲ್ಲಿ ಬೇರೆ ಕೆಲಸ ಇದೆ, ಅದು ಮುಗಿದ ಮೇಲೆ ಇದಕ್ಕೆ ಒಂದು ಗತಿ ಕಾಣಿಸುತ್ತೇನೆ.

ಇನ್ನೊಂದು ಮಾತು. ಹೆಸರೆತ್ತಬಾರದು ಅಂತಲೇ ಇದ್ದೆ. ಸೇಫ್ ಮೋಡ್‌ನಲ್ಲಿ ಯಂತ್ರ ಅಷ್ಟು ಮೌನವಾಗಿದ್ದಾಗ ಗುಬ್ಬಿ ನೆನಪಾದಳು. "ನಿನ್ನ ಕಂಪ್ಯೂಟರ್ ಸಂಜೆ ಏಳಕ್ಕೆ ಯಾರ ಜೊತೆನೋ ಪಿಸುಗುಡುತ್ತೆ ಕಣೇ. ಕಟಕಟ ಅಂತ ಹಲ್ಲು ಕಡಿಯುತ್ತೆ" ಅನ್ನುತ್ತಿದ್ದಳು. "ನಿನಗೆ ಕಿವಿ ಜಾಸ್ತಿ ಆಯ್ತು" ಎಂದು ನಾನು ನಗುತ್ತಿದ್ದೆ. ಈಗ ಅವಳು ಅಂಧರ ಗ್ರಂಥಾಲಯದಲ್ಲಿ ಕರಡು ತಿದ್ದುತ್ತಾಳೆ. ನಮ್ಮ ಪುಸ್ತಕಗಳ ಕರಡು ಅಲ್ಲಿಗೇ ಹೋಗುವುದು. ಓದು ಮುಗಿಸಿ ನಾನು ಇಲ್ಲಿಗೆ ಸೇರಿದಾಗಿನಿಂದ, ಐದು ವರ್ಷದಿಂದ, ನನ್ನ ತಪ್ಪುಗಳನ್ನು ತಿದ್ದಿ ಕಳಿಸುತ್ತಿದ್ದಾಳೆ. ಹೆಸರು ಹಾಕುವುದಿಲ್ಲ. ನಾನೂ ಹಾಕುವುದಿಲ್ಲ. ಅವಳು ನಿನ್ನ ಹತ್ತಿರ ಚಾಡಿ ಹೇಳಿದ್ದು ಅವಳ ತಪ್ಪು. ಆದರೆ ಅವತ್ತು ನಾನು ಅಂದದ್ದು...

ಇರಲಿ ಬಿಡು. ಕಳ್ಳ ಸಿಕ್ಕಿದ ಮೇಲೆ ಬರೆಯುತ್ತೇನೆ.

ಇಂತಿ,
ನಿನ್ನ ಹಳೇ ಶಿಷ್ಯೆ

*

ಏಪ್ರಿಲ್ ೧

ಪುಟ್ಟೀ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಎಂಟು ದಿನವೂ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಫಾರ್ಮ್ಯಾಟ್ ಮಾಡಬೇಡ. ನೀನು ಹಿಡಿದ ಹಾದಿಯೇ ಸರಿ. ಐದು ಸಲವೂ ರೀಸ್ಟಾರ್ಟ್ ಮಾಡುವ ಅಗತ್ಯವಿಲ್ಲ. ಪಟ್ಟಿಯಲ್ಲಿ 'ಪ್ರಿಂಟರ್ ಸಹಾಯಕ' ಅಂತ ಒಂದಿದೆ. ಅದೊಂದನ್ನು ಮಲಗಿಸು. ಅದು ಪ್ರಿಂಟರಿಗೂ ಸಂಬಂಧಪಟ್ಟದ್ದಲ್ಲ, ಸಹಾಯಕ್ಕೂ ಅಲ್ಲ. ಅದೇನೆಂದು ತಿಳಿಯಲು ಇದರ ಜೊತೆ ಇನ್ನೊಂದು ಪತ್ರವಿದೆ. ಮಾರ್ಚ್ ಹತ್ತರಂದೇ ಬರೆದು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಒಂದಕ್ಷರ ತಿದ್ದದೆ ಕಳಿಸುತ್ತಿದ್ದೇನೆ.

ನಾನಾಗಿಯೇ ಹೇಳಿದೆ ಅಂತ ದೊಡ್ಡಸ್ತಿಕೆ ಕೊಚ್ಚಿಕೊಳ್ಳುವುದಿಲ್ಲ. ನೀನು ಹೇಗೂ ಹಿಡಿಯುತ್ತೀಯ ಅಂತ ಗೊತ್ತಾದ ಮೇಲೆ ಬಾಯಿ ಬಿಟ್ಟವನು ನಾನು. ಗುಬ್ಬಿ ಏನೂ ಹೇಳಲಿಲ್ಲ. ಅವಳು ಯಾವತ್ತೂ ನನ್ನ ಹತ್ತಿರ ನಿನ್ನ ಬಗ್ಗೆ ಒಂದು ಮಾತೂ ಆಡಿದವಳಲ್ಲ.

ಅಪ್ಪ

*

ಏಪ್ರಿಲ್ ೨

ಕಳ್ಳ ಸಿಕ್ಕಿದ.

ಮೊದಲನೇ ಸಲ ಎದ್ದ ಹದಿನಾರರಲ್ಲಿ ಇರಲಿಲ್ಲ. ಎರಡನೇ ಸಲ ಎಂಟರಲ್ಲಿ ಇದ್ದ. ಮೂರನೇ ಸಲ ನಾಲ್ಕರಲ್ಲಿ ಇದ್ದ. ಅಷ್ಟು ಹೊತ್ತಿಗೆ ಕಚೇರಿಯವರೆಲ್ಲ ನನ್ನ ಕುರ್ಚಿಯ ಹಿಂದೆ ಪಂದ್ಯ ನೋಡುವವರ ಹಾಗೆ ನಿಂತಿದ್ದರು. ಕೊನೆಗೆ ಎರಡು ಉಳಿಯಿತು. ಒಂದು ಅಕ್ಷರ ಮೂಡಿಸುವ ತಂತ್ರಾಂಶ. ಇನ್ನೊಂದು 'ಪ್ರಿಂಟರ್ ಸಹಾಯಕ.' ಯಾರು ತಯಾರಿಸಿದ್ದು ಅನ್ನುವ ಜಾಗದಲ್ಲಿ ಕಂಪನಿಯ ಹೆಸರಿಲ್ಲ, ಒಂದು ನಂಬರ್ ಇತ್ತು: ಚೀ. ೩೧೧೭.

ಬೇರೆ ಯಾರೇ ನೋಡಿದ್ದರೂ ಏನೋ ಲೊಟ್ಟೆಲೊಸಕು ಅಂತ ಬಿಡುತ್ತಿದ್ದರು. ಹೈಸ್ಕೂಲು ಮುಗಿಯುವ ತನಕ ನಿನ್ನ ಚೀಟಿ ಪುಸ್ತಕಕ್ಕೆ ನಂಬರ್ ಹಾಕಿದ್ದು ನಾನು. ನೀನು ಯಂತ್ರದಲ್ಲಿ ಒಂದು ತಿರುಪು ಬದಲಿಸಿದರೂ ಅದಕ್ಕೊಂದು ಚೀಟಿ, ಆ ಚೀಟಿಯ ನಂಬರ್ ಯಂತ್ರದೊಳಗೆ. ಕದಿಯುವಾಗಲೂ ರಸೀದಿ ಹರಿದಿಟ್ಟ ಮನುಷ್ಯ ಭೂಮಿಯ ಮೇಲೆ ನೀನೊಬ್ಬನೇ ಇರಬೇಕು.

"ಸಿಕ್ತಾ? ಸಿಕ್ತಾ?" ಎಂದು ಹಿಂದಿನಿಂದ ಕೇಳುತ್ತಿದ್ದರು. "ಸಿಕ್ತು, ಹಳೇ ಕಸ" ಎಂದು ಹೇಳಿ ಎಲ್ಲರನ್ನೂ ಕಳಿಸಿದೆ. ಅದು ಬರೆದಿಟ್ಟದ್ದನ್ನು ತೆರೆದೆ. ಮೊದಲ ಪುಟದಲ್ಲೇ ನಾನಿದ್ದೆ. ಹದಿನೆಂಟು ವರ್ಷದ ನಾನು. ಹಾಸ್ಟೆಲಿನ ಮೊದಲ ದಿನ ಅಮ್ಮನಿಗೆ ಅಂತ ಬರೆದದ್ದು. ಅಮ್ಮ ಓದುವುದಿಲ್ಲ ಅಂತ ಗೊತ್ತಿದ್ದೇ ಬರೆದದ್ದು. ಅದನ್ನು ನೀನು ಓದಿದೆ. ಎರಡು ಪುಟ ನೋಡಿ ಮುಚ್ಚಿದೆ, ಮುಂದಕ್ಕೆ ಹೋಗುವ ಶಕ್ತಿ ನನಗಿರಲಿಲ್ಲ.

ಅದೆಲ್ಲಾ ಹಾಳಾಗಿ ಹೋಗಲಿ. ಗೇಟಿನಲ್ಲಿ ನಿನ್ನನ್ನು ಕೇಳಿದೆನಲ್ಲಪ್ಪಾ. ಬಾಯಿ ಬಿಟ್ಟು ಕೇಳಿದೆನಲ್ಲ. ನೀನು ಸುಮ್ಮನಿದ್ದೆ. ನಾನು ನೆಟ್ಟಗೆ ಕೋಣೆಗೆ ಹೋಗಿ ಗುಬ್ಬಿಗೆ ಏನಂದೆ ಗೊತ್ತಾ? "ಕಣ್ಣಿಲ್ಲದೋರಿಗೆ ನಾಲಿಗೆನಾದ್ರೂ ಉದ್ದ ಇರ್ಬೇಕಲ್ಲ" ಅಂದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಇದ್ದಳು. "ನಾನು ಹೇಳಿಲ್ಲ" ಅಂತ ಒಂದೇ ಸಲ ಅಂದಳು. ನಾನು ನಂಬಲಿಲ್ಲ, ಯಾಕೆಂದರೆ ಅಪ್ಪ ಸುಮ್ಮನಿದ್ದ.

ಪ್ರೋಗ್ರಾಂ ಕಿತ್ತು ಹಾಕಿದ್ದೇನೆ. ಯಂತ್ರ ಈಗ ನಿಲ್ಲುವುದಿಲ್ಲ. ಬರೆದಿಟ್ಟ ಗಂಟನ್ನು ಮಾತ್ರ ಅಳಿಸಿಲ್ಲ, ಯಾಕೆ ಅಂತ ನನಗೇ ಗೊತ್ತಿಲ್ಲ. ಆ ಚೀಟಿಯ ಕಾರ್ಬನ್ ಪ್ರತಿ ನಿನ್ನ ಹತ್ತಿರ ಇರಲೇಬೇಕು, ಕಳಿಸು. ದೂರು ಅನ್ನುವ ಕಡೆ ಏನು ಬರೆದಿದ್ದೀಯ ಅಂತ ನೋಡಬೇಕು.

*

ಏಪ್ರಿಲ್ ೮

ಪುಟ್ಟೀ,

ಕೇಳಿದ ಚೀಟಿ ಇದರೊಳಗಿದೆ. ಬೇರೇನೂ ಬರೆಯುವ ಮುಖವಿಲ್ಲ.

ಅಪ್ಪ

(ಚೀಟಿ ೩೧೧೭
ಗಿರಾಕಿ: ನಾನೇ
ಯಂತ್ರ: ಮಗಳದು
ದೂರು: ಹೆದರಿಕೆ
ಮಾಡಿದ ಕೆಲಸ:
ಗಿರಾಕಿಗೆ ತೃಪ್ತಿಯಾಯಿತೇ: )

*

ಏಪ್ರಿಲ್ ೧೬

ನಿನ್ನ ಒಂದನೇ ತಾರೀಖಿನ ಲಕೋಟೆ ಬಂತು. ಅಂಚೆಯ ಮುದ್ರೆ ನೋಡಿದೆ. ನಾನು ಹಿಡಿಯುವ ಒಂದು ದಿನ ಮೊದಲು ಹಾಕಿದ್ದೀಯ. ಎಂಟು ವರ್ಷ ಕಾದು ಒಂದು ದಿನ ಮುಂಚೆ. ಅದಕ್ಕೆ ನಾನು ಚಪ್ಪಾಳೆ ತಟ್ಟಬೇಕಾ, ಅಳಬೇಕಾ? ಎರಡೂ ಬರುತ್ತಿಲ್ಲ. ಚೀಟಿಯೂ ಸಿಕ್ಕಿತು. ಖಾಲಿ ಬಿಟ್ಟ ಜಾಗವನ್ನೇ ನೋಡುತ್ತಾ ಕೂತಿದ್ದೆ.

ನನಗೆ ಇನ್ನು ಬರೆಯಬೇಡ. ಬರೆಯಬೇಕಾದದ್ದು ಅವಳಿಗೆ. ಫೋನ್ ಮಾಡಿ ಒಂದೇ ಉಸಿರಿನಲ್ಲಿ "ತಪ್ಪಾಯ್ತಮ್ಮ" ಅಂದು ಇಟ್ಟುಬಿಡಬೇಡ. ಶಾಯಿಯಲ್ಲಿ ಬರೆದರೆ ಅವಳು ಅದನ್ನು ಬೇರೆ ಯಾರ ಕೈಲೋ ಓದಿಸಬೇಕು. ಅವಳ ಸ್ವಂತದ ಮಾತು ಇನ್ನೊಬ್ಬರ ಕಣ್ಣಿಗೆ ಬೀಳುವುದು ಈ ಸಲವಾದರೂ ಬೇಡ. ಈ ಪಾರ್ಸೆಲಿನಲ್ಲಿ ಬ್ರೈಲ್ ಸ್ಲೇಟು, ಚುಚ್ಚುವ ಕಡ್ಡಿ, ದಪ್ಪ ಕಾಗದ, ಅಕ್ಷರಮಾಲೆಯ ಹಾಳೆ ಇಟ್ಟಿದ್ದೇನೆ. ಗ್ರಂಥಾಲಯದ ವಿಳಾಸ ಹಿಂದುಗಡೆ ಇದೆ. ಕಲಿ.

ಮಾತ್ರೆ ತೆಗೆದುಕೋ.

*

ಮೇ ೨೩
(ಬ್ರೈಲಿನಲ್ಲಿ)

ಗುಬ್ಬೀ,

ನಾನು ನಿನ್ನ ಹಳೆಯ ಗೆಳತಿಯ ಅಪ್ಪ. ಕಂಪ್ಯೂಟರ್ ರಿಪೇರಿಯವನು. ಕಲಿಯಲು ಐದು ವಾರ ಹಿಡಿಯಿತು. ಒಂದೊಂದು ಅಕ್ಷರವನ್ನೂ ಚುಚ್ಚಿ ಬರೆಯಬೇಕು. ನೆಪ ಹೇಳಲು ಹೊರಟರೆ ಬೆರಳು ನೋಯುತ್ತದೆ. ಅದಕ್ಕೇ ಇದ್ದದ್ದು ಇದ್ದಹಾಗೆ.

ಮಗಳ ಯಂತ್ರದಲ್ಲಿ ನಾನೇ ಕದ್ದು ಓದುವ ಪ್ರೋಗ್ರಾಂ ಇಟ್ಟಿದ್ದೆ. ಅವಳು ಓದು ಬಿಡುವ ವಿಷಯ ನನಗೆ ಗೊತ್ತಾದದ್ದು ಅದರಿಂದ. ನೀನು ಹೇಳಿದೆಯಾ ಅಂತ ಅವಳು ಕೇಳಿದಳು. ನಾನು ಇಲ್ಲ ಅನ್ನಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಿನ್ನ ಮರ್ಯಾದೆ ಕೊಟ್ಟೆ.

ಸಂಜೆ ಏಳಕ್ಕೆ ಯಂತ್ರ ಪಿಸುಗುಡುತ್ತೆ ಅಂದೆಯಂತೆ. ಆ ಕಡೆ ಕೂತು ಕೇಳಿಸಿಕೊಳ್ಳುತ್ತಿದ್ದವನು ನಾನು. ತಪ್ಪಾಯಿತು.

ಪುಟ್ಟಿಯ ಅಪ್ಪ

*

ಜೂನ್ ೫
(ಬ್ರೈಲಿನಲ್ಲಿ)

ಅಂಕಲ್,

ನಿಮ್ಮ ಮೊದಲನೇ ಹಾಳೆ ಪೂರ್ತಿ ತಿರುಗುಮುರುಗು. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ಮಗುಚಿದಾಗ ಸರಿಯಾಗುತ್ತದೆ. ನೀವು ಎಡದಿಂದ ಬಲಕ್ಕೆ ಹೋಗಿದ್ದೀರಿ. ಎರಡನೇ ಹಾಳೆಗೆ ಯಾರೋ ಹೇಳಿಕೊಟ್ಟಿರಬೇಕು. ಮೊದಲನೆಯದನ್ನು ಉಬ್ಬಿನ ಕಡೆಯಿಂದ ಓದಲು ಆಗಲೇ ಇಲ್ಲ. ಹಿಂಬದಿಯಿಂದ, ಗುಳಿ ಬಿದ್ದ ಕಡೆಯಿಂದ ಓದಿದೆ. ಇಪ್ಪತ್ತು ವರ್ಷದಲ್ಲಿ ಗುಳಿ ಓದಿದ್ದು ಇದೇ ಮೊದಲು. ಒಬ್ಬಳೇ ಕೂತು ನಕ್ಕೆ, ಆಮೇಲೆ ನಗು ನಿಂತಿತು.

ನೀವು ತಪ್ಪಾಯಿತು ಅಂದಿದ್ದೀರಿ. ಪರವಾಗಿಲ್ಲ ಅಂತ ನಾನು ಬರೆಯುವುದಿಲ್ಲ. ಪರವಾಗಿದೆ. ನನ್ನ ಕೋಣೆಗೆ ಆಮೇಲೆ ಬಂದ ಹುಡುಗಿಯರು ನನ್ನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು, ಚಾಡಿಕೋರಿ ಅಂತ. ಮೂರು ವರ್ಷ. ನಿಮ್ಮ ಪತ್ರವನ್ನು ಎಸೆದಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಸದ್ಯಕ್ಕೆ ಇಷ್ಟೇ ಆಗುವುದು ನನ್ನ ಕೈಲಿ.

ಇನ್ನೊಂದು ಮಾತು, ಇದನ್ನು ಗಡಿಬಿಡಿಗೂ ಕಳಿಸಿ. ನಿಮ್ಮ ಮಗಳನ್ನು ನಾನು ಕರೆಯುತ್ತಿದ್ದದ್ದು ಹಾಗೆ, ಈಗಲೂ ಅವಳ ಕರಡಿನಲ್ಲಿ ಕೊನೆಯ ಸಾಲು ಅರ್ಧಕ್ಕೇ ಓಡಿಹೋಗಿರುತ್ತದೆ. ನಿಮ್ಮಿಂದ ಅವಳೇ ಬರೆಸಿರಬೇಕು, ಸರಿ. ನೀವು ಅವತ್ತು ಸುಮ್ಮನಿದ್ದವರು. ಮಾತಾಡಿದವಳು ಅವಳು. ನನಗೆ ನೋವಾದದ್ದು ನಿಮ್ಮ ಮೌನದಿಂದಲ್ಲ. ನೀವು ಸುಮ್ಮನಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅವಳ ಮಾತು ಮಾತ್ರ ಗೊತ್ತಿತ್ತು. ಎಂಟು ವರ್ಷದಿಂದ ಅವಳ ಪುಟ ಓದುತ್ತಲೇ ಇದ್ದೇನೆ, ಅದರಲ್ಲಿ ಎಲ್ಲಾದರೂ ನನಗೆ ಅಂತ ಒಂದು ಸಾಲು ಇರುತ್ತದಾ ಅಂತ. ಬೆಂಕಿಕಡ್ಡಿಯ ಪ್ರಯೋಗ, ಕಪ್ಪೆಯ ಜೀವನಚಕ್ರ, ಅಷ್ಟೇ.

ಗುಬ್ಬಿ

*

ಜೂನ್ ೯

ಪುಟ್ಟೀ,

ಬರೆಯಬೇಡ ಅಂದಿದ್ದೆ. ಇದು ನನ್ನ ಪತ್ರವಲ್ಲ, ಅವಳದು. ಅಕ್ಷರಮಾಲೆ ಇಟ್ಟುಕೊಂಡು ಓದಲು ಎರಡು ದಿನ ಹಿಡಿಯಿತು. ಎಂಟು ವರ್ಷ ಅಂದಿದ್ದಾಳೆ, ನೀನು ಐದು ಅಂದಿದ್ದೆ. ನಾನು ಓದಿದ್ದರಲ್ಲಿ ತಪ್ಪಿರಬಹುದು. ನಿನಗೂ ಕಳಿಸು ಎಂದು ಅವಳೇ ಹೇಳಿದ್ದರಿಂದ ಕಳಿಸುತ್ತಿದ್ದೇನೆ. ಹೇಳದಿದ್ದರೆ ಕಳಿಸುತ್ತಿರಲಿಲ್ಲ.

ಗೋಡೆಯ ಹಲಗೆಯನ್ನು ಇಳಿಸಿಟ್ಟಿದ್ದೇನೆ. ಮತ್ತೆ ತೂಗುಹಾಕಬಹುದಾ ಅಂತ ನೀನು ಹೇಳಬೇಕು. ನಿನ್ನ ಅಕ್ಷರ ಅದು.

ಅಪ್ಪ

*

ಜೂನ್ ೧೭
(ಬ್ರೈಲಿನಲ್ಲಿ)

ಗುಬ್ಬೀ,

ನೀನು ಬರೆದ ಎಂಟು ವರ್ಷವನ್ನು ಅಪ್ಪ ತಪ್ಪಾಗಿ ಓದಿಲ್ಲ. ಐದು ವರ್ಷ ಅಂತ ಲೆಕ್ಕ ಹಾಕುತ್ತಿದ್ದವಳು ನಾನು. ಕಾಲೇಜಿನಲ್ಲಿದ್ದಾಗಲೇ ಅಭ್ಯಾಸಕ್ಕೆಂದು ಚುಚ್ಚಿ ಮುದ್ರಣಾಲಯಕ್ಕೆ ಕಳಿಸುತ್ತಿದ್ದ ಪುಟಗಳೂ ನಿನ್ನ ಕೈಗೇ ಬರುತ್ತಿದ್ದವು ಅಂತ ನನಗೆ ಈಗ ತಿಳಿಯಿತು. ಹಾಸ್ಟೆಲಿನಲ್ಲಿದ್ದುಕೊಂಡೇ ಕರಡು ತಿದ್ದುವ ಕೆಲಸಕ್ಕೆ ಆಗಲೇ ಸೇರಿಕೊಂಡಿದ್ದೆಯಾ ನೀನು, ಒಬ್ಬಳೇ?

ನಿನ್ನ ಪತ್ರ ಓದಿದ ಮೇಲೆ ಆ ಕಳ್ಳ ಪ್ರೋಗ್ರಾಂ ಬರೆದಿಟ್ಟದ್ದನ್ನು ಕೊನೆಯವರೆಗೂ ಓದಿದೆ. ಅದು ಒತ್ತಿದ ಅಕ್ಷರವನ್ನಷ್ಟೇ ಅಲ್ಲ, ಅಳಿಸಿದ್ದನ್ನೂ ಬರೆದಿಟ್ಟಿದೆ. ನಾನು ಕೋಣೆ ಬಿಟ್ಟುಹೋದ ಮೇಲಿನದು ಅಪ್ಪನೂ ಓದಿಲ್ಲ, ವಿಳಾಸ ಮುಚ್ಚಿಬಿಟ್ಟಿದ್ದ. ಓದಬಾರದ್ದನ್ನೆಲ್ಲ ಓದಿದವನು ಇದೊಂದನ್ನು ಓದಲಿಲ್ಲ. ಓದಿದ್ದರೆ ಅವತ್ತೇ ಬಾಯಿ ಬಿಡುತ್ತಿದ್ದನೇನೋ. ಇದ್ದಹಾಗೆ ಇಳಿಸುತ್ತಿದ್ದೇನೆ:

ಕೋಣೆ ಬಿಟ್ಟ ನಾಲ್ಕನೇ ದಿನ. ಗುಬ್ಬೀ ನಾನು ಅಂದದ್ದು. ಅಳಿಸುವ ಗುಂಡಿ, ಹದಿನೈದು ಸಲ.

ಒಂಬತ್ತನೇ ದಿನ. ಗುಬ್ಬೀ ನೀನು ಹೇಳಿದ್ದು ತಪ್ಪು ಆದರೆ ನಾನು ಅಂದದ್ದು. ಅಳಿಸುವ ಗುಂಡಿ, ಮೂವತ್ತಾರು ಸಲ.

ಎರಡು ತಿಂಗಳ ಮೇಲೆ. ಗುಬ್ಬೀ ನೀನು ಹೇಳಿದ್ದರೂ ಪರವಾಗಿಲ್ಲ ಕಣೇ. ಅಳಿಸುವ ಗುಂಡಿ, ಮೂವತ್ತು ಸಲ.

ಪರೀಕ್ಷೆ ಮುಗಿದ ದಿನ. ಗುಬ್ಬೀ. ಅಳಿಸುವ ಗುಂಡಿ, ಐದು ಸಲ.

ಆಮೇಲೂ ಇದೆ. ಒಟ್ಟು ನಲವತ್ತೊಂದು ಸಲ ಶುರು ಮಾಡಿದ್ದೇನೆ. ಇದರಿಂದ ನನ್ನ ತಪ್ಪು ಸಣ್ಣದಾಗುವುದಿಲ್ಲ, ಗೊತ್ತು. ಅಷ್ಟು ಸಲ ಬರೆಯಲು ಮನಸ್ಸು ಬಂದು, ಅಷ್ಟು ಸಲವೂ ಕಳಿಸಲಿಲ್ಲ ಅಂದರೆ ತಪ್ಪು ಇನ್ನೂ ದೊಡ್ಡದು. ಅಪ್ಪ ಒಂದು ಸಲ ಸುಮ್ಮನಿದ್ದದ್ದಕ್ಕೆ ಅವನಿಗೆ ಅಷ್ಟು ಬೈದೆ. ನಾನು ನಲವತ್ತೊಂದು ಸಲ ಸುಮ್ಮನಿದ್ದೆ. ಅವನ ಮೇಲಿನ ಕೋಪ ಇನ್ನೂ ಇಳಿದಿಲ್ಲ. ಹಲಗೆ ತೂಗುಹಾಕು ಅಂತ ಮಾತ್ರ ಬರೆದಿದ್ದೇನೆ.

ವಿಜ್ಞಾನದ ಪುಸ್ತಕ ನಿನ್ನೆ ಮುಗಿಯಿತು. ಹೃದಯದ ಚಿತ್ರ ನಿನ್ನ ಬೆರಳಿಗೆ ತಿಳಿಯುತ್ತದಾ ಅಂತ ನೋಡಬೇಕು, ಇಪ್ಪತ್ತಾರು ಪ್ರತಿ ಅಚ್ಚಾಗುವ ಮೊದಲು. ಕರಡನ್ನು ಅಂಚೆಗೆ ಹಾಕುವ ಬದಲು ನಾನೇ ಹಿಡಿದುಕೊಂಡು ಬರಬೇಕು ಅಂತಿದ್ದೇನೆ.

ಈ ಪತ್ರವನ್ನು ಯಂತ್ರದಲ್ಲಿ ಮಾಡಲಿಲ್ಲ. ಸ್ಲೇಟಿನ ಮೇಲೆ ಕೈಯಲ್ಲೇ ಚುಚ್ಚಿದ್ದೇನೆ. ಚುಚ್ಚಿದ ಮೇಲೆ ಅಳಿಸಲು ಬರುವುದಿಲ್ಲ.

ಗುಬ್ಬೀ, ನಾನು ಅಂದದ್ದು ತಪ್ಪು.

ಬರಲಾ?

ಗಡಿಬಿಡಿ